ಬೀದಿಯ ಕೂದಲು ತಿಂದ ಬಳ್ಳಿ

ಫೆಬ್ರವರಿ 11

ಮಾವನಿಗೆ,

ಮೊದಲು ಹಿತ್ತಲಿನ ಬಳ್ಳಿಯ ವಿಷಯ. ಮೊಗ್ಗು ಬಿಡುವ ಮುಂಚೆ ಕತ್ತರಿ ಹಾಕಬೇಡ. ಹೋದ ವರ್ಷ ಹುರುಪಿನಲ್ಲಿ ಅದಕ್ಕೆ ಮಿಲಿಟರಿ ಕಟಿಂಗ್ ಮಾಡಿ, ಒಂದು ಹೂವೂ ಇಲ್ಲದ ಹಾಗೆ ಮಾಡಿದ್ದನ್ನು ನಾನಿನ್ನೂ ಮರೆತಿಲ್ಲ. ಹೂವು ಮುಗಿದ ಮೇಲೆ ಎಷ್ಟು ಬೇಕಾದರೂ ಕತ್ತರಿಸು. ಅಮ್ಮ ಹಾಗೇ ಮಾಡುತ್ತಿದ್ದಳು. ಗೊಬ್ಬರವನ್ನೂ ಸುರಿಯಬೇಡ, ಬರೀ ಎಲೆ ಬರುತ್ತದೆ. ಅಂಗಡಿಯಲ್ಲಿ ಗುಡಿಸಿದ ಕೂದಲನ್ನು ಬುಡದಲ್ಲಿ ಹೂತರೆ ಅದೇ ಅದಕ್ಕೆ ಊಟ.

ಇಲ್ಲಿ ಅಚ್ಚುಕೂಟದಲ್ಲಿ ನಮ್ಮನ್ನು ನೆಲಮಾಳಿಗೆಯಲ್ಲಿ ಕೂರಿಸಿದ್ದಾರೆ. ಮೇಲೆ ಯಂತ್ರ, ಕೆಳಗೆ ಹಾಳೆ ಮಡಿಸುವ ನಾವು. ದಿನವಿಡೀ ಕರಪತ್ರ, ಕಿರುಹೊತ್ತಿಗೆ, ಔಷಧದ ಚೀಟಿ. ಮಡಿಸುತ್ತಾ ಓದುತ್ತೇನೆ. ಹಾಳಾದ ಪ್ರತಿಗಳನ್ನು ಹಾಸ್ಟೆಲಿಗೆ ತರುತ್ತೇನೆ. ಮಾವ, ಜಗತ್ತಿನಲ್ಲಿ ಎಷ್ಟು ಅನ್ಯಾಯ ನಡೆಯುತ್ತಿದೆ ಗೊತ್ತಾ? ನೀನು ಗಡ್ಡ ಕೆರೆಯುತ್ತಾ ಎಲ್ಲದಕ್ಕೂ ಹೂಂ ಅನ್ನುವುದನ್ನು ಬಿಡಬೇಕು. ಕತ್ತಿ ನಿನ್ನ ಕೈಯಲ್ಲಿರುವಾಗಲೂ ಗಿರಾಕಿಗೆ ಹೆದರುವವನು ನೀನೊಬ್ಬನೇ.

ನಿನ್ನೆ ಲಾಂಡ್ರಿಯ ಗಾಡಿ ಪಕ್ಕದಲ್ಲಿ ಹೋಯಿತು. ಒದ್ದೆ ಟವೆಲ್ಲಿನ ವಾಸನೆ. ಅಮ್ಮ ಅಂಗಡಿಯ ಟವೆಲ್ಲುಗಳನ್ನು ಒಗೆದು ಬಳ್ಳಿಯ ಕೆಳಗಿನ ತಂತಿಗೆ ಹಾಕುತ್ತಿದ್ದದ್ದು ನೆನಪಾಯಿತು. ಬೆಳಗ್ಗೆ ಮೊದಲ ಗಿರಾಕಿ ಮೂಗಿಗೆ ಟವೆಲ್ ಹಿಡಿದು, "ಏನಪ್ಪಾ, ಅತ್ತರು ಗಿತ್ತರು ಹಾಕಿದೀಯಾ?" ಅನ್ನುವನು. ನೀನು, "ಇಲ್ಲ ಸ್ವಾಮಿ, ನಮ್ಮಕ್ಕನ ಬಳ್ಳಿ" ಅನ್ನುತ್ತಿದ್ದೆ. ಅದನ್ನು ಹೇಳುವಾಗ ನಿನಗೆ ಎಷ್ಟು ಜಂಬ!

ಮೊಗ್ಗು ಬಂದ ತಕ್ಷಣ ಬರೆ.

ನಿನ್ನ ಕಡ್ಡಿ

&nbsp;

ಫೆಬ್ರವರಿ 26

ಕಡ್ಡಿಗೆ,

ನಿನ್ನ ಅಪ್ಪಣೆ ತಲುಪಿತು. ಫೋನು ಯಾಕೆ ಮಾಡುವುದಿಲ್ಲ ಎಂದು ಹಿಂದೊಂದು ಕಾಗದದಲ್ಲಿ ನೀನು ಕೇಳಿದ್ದೆ. ಫೋನಿನಲ್ಲಿ ನೀನು ಭಾಷಣ ಮಾಡುತ್ತೀಯ, ನಿಲ್ಲಿಸುವುದಕ್ಕೆ ಆಗುವುದಿಲ್ಲ. ಕಾಗದವಾದರೆ ಮಧ್ಯೆ ಮಡಿಸಿಟ್ಟು ಒಂದು ಗಡ್ಡ ಮುಗಿಸಿ ಬಂದು ಉಳಿದದ್ದನ್ನು ಓದಬಹುದು.

ಮೊಗ್ಗು ಇನ್ನೂ ಇಲ್ಲ. ಎಳೆಯ ತುದಿಗಳಿಗೆಲ್ಲ ಹೇನು ಹತ್ತಿದೆ, ಹಸಿರು ಹೇನು. ಹೇನಿದ್ದ ತಲೆ ಎಷ್ಟೋ ನನ್ನ ಕೈಗೆ ಬಂದಿವೆ, ಬೋಳಿಸಿ ಕಳಿಸಿದ್ದೇನೆ. ಇದನ್ನು ಬೋಳಿಸಿದರೆ ನೀನು ಬಂದು ನನ್ನ ತಲೆ ಬೋಳಿಸುತ್ತೀಯ. ಏನು ಮಾಡುವುದೆಂದು ನಿಂತಿದ್ದೆ. ಗೋಡೆಯಾಚೆಯಿಂದ ನರ್ಸಮ್ಮ ತಲೆ ಹಾಕಿದರು. ನಿನಗೆ ಗೊತ್ತಿಲ್ಲ ಇವರು. ನೀನು ಹೋದ ಮೇಲೆ ಪಕ್ಕದ ಮನೆ ಕೊಂಡು ಬಂದವರು, ಹೆರಿಗೆ ಆಸ್ಪತ್ರೆಯಲ್ಲಿ ಕೆಲಸ. ಗೋಡೆ ಅವರಿಗಿಂತ ಎತ್ತರ. ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ನಿಂತು ಮಾತಾಡುತ್ತಾರೆ.

"ಏನ್ರೀ, ಬೆಳಗ್ಗೆಯಿಂದ ಗಿಡದ ತಲೆ ನೋಡ್ತಾ ಇದೀರಾ?" ಅಂದರು.

"ಹೇನು ಹತ್ತಿದೆ" ಅಂದೆ.

"ಸೋಪಿನ ನೀರು ಹೊಡೀರಿ. ಎಲೆ ಮೇಲಲ್ಲ, ಕೆಳಗೆ."

ಸೂಜಿ ಇಲ್ಲದ ದೊಡ್ಡ ಸಿರಿಂಜು ಎರಡು ತಂದರು. ಅವರು ಆ ಕಡೆಯಿಂದ, ನಾನು ಈ ಕಡೆಯಿಂದ ಹೊಡೆದೆವು. ಅವರು ಹೊಡೆದದ್ದು ನನ್ನ ಮುಖಕ್ಕೇ ಜಾಸ್ತಿ ಬಿತ್ತು. ಈಗ ಹೇನು ಕಡಿಮೆ.

ಈ ಗೋಡೆ ಇಲ್ಲಿ ಯಾಕಾದರೂ ಇದೆಯೋ ಎಂದು ಅವರು ಕೇಳಿದರು. ನಾನು ಏನೂ ಹೇಳಲಿಲ್ಲ.

ಊಟ ಹೊತ್ತಿಗೆ ಸರಿಯಾಗಿ ಮಾಡು. ಕರಪತ್ರ ಓದಿದರೆ ಹೊಟ್ಟೆ ತುಂಬುವುದಿಲ್ಲ.

ಮಾವ

&nbsp;

ಮಾರ್ಚ್ 9

ಮಾವನಿಗೆ,

ನೀನು ಏನೂ ಹೇಳಲಿಲ್ಲವಾ? ಅದೇ ನಿನ್ನ ರೋಗ. ಮೊನ್ನೆ ಮೊನ್ನೆ ಬಂದವರು ನಮ್ಮ ಗೋಡೆ ಯಾಕಿದೆ ಎಂದು ಕೇಳುತ್ತಾರೆ, ನೀನು ಬಾಯಿಗೆ ಬೀಗ ಹಾಕಿಕೊಂಡು ನಿಲ್ಲುತ್ತೀಯ. ಮೊದಲು ಸಿರಿಂಜು ಕೊಡುತ್ತಾರೆ, ಆಮೇಲೆ ಸಲಹೆ ಕೊಡುತ್ತಾರೆ, ಆಮೇಲೆ ಹಿತ್ತಲನ್ನೇ ಕೇಳುತ್ತಾರೆ. ಆಕ್ರಮಣ ಯಾವಾಗಲೂ ಉಪಕಾರದ ವೇಷದಲ್ಲೇ ಬರುತ್ತದೆ. ಇದನ್ನು ನಾನು ಓದಿದ್ದೇನೆ.

ಅಮ್ಮ ಆ ಕಡ್ಡಿಯನ್ನು ತಂದ ದಿನ ನನಗೆ ಚೆನ್ನಾಗಿ ನೆನಪಿದೆ. ನರ್ಸರಿಯವನು ಕತ್ತರಿಸಿ ಎಸೆದಿದ್ದ ತುಂಡು, ಒದ್ದೆ ಬಟ್ಟೆಯಲ್ಲಿ ಸುತ್ತಿತ್ತು. ಹೆಸರು ಹನಿಸಕಲ್ ಅಂದಳು. ನೀನು ನಕ್ಕೆ, ಬಾಯಿ ತಿರುಗಲ್ಲ ಅಂದೆ, ಜೇನುಬಳ್ಳಿ ಅಂತ ನೀನೇ ಹೆಸರಿಟ್ಟೆ. "ಬುಡ ನೆರಳಲ್ಲಿರಬೇಕು, ತಲೆ ಬಿಸಿಲಲ್ಲಿರಬೇಕು" ಎಂದು ಅಮ್ಮ ಹಿತ್ತಲೆಲ್ಲ ತಿರುಗಿ, ಕೊನೆಗೆ ಆ ಗೋಡೆಯ ಬುಡ ಆರಿಸಿದಳು. ಮಧ್ಯಾಹ್ನದ ಬಿಸಿಲನ್ನು ಗೋಡೆ ತಡೆಯುತ್ತದೆ ಎಂದು. ಆ ಗೋಡೆ ಯಾಕಿದೆ ಎಂದು ಕೇಳುವವರಿಗೆ ಇದನ್ನು ಹೇಳು.

ಮೊದಲ ಸಲ ಹೂ ಬಿಟ್ಟಾಗ ಅವಳು ನನ್ನನ್ನು ಸೊಂಟಕ್ಕೆತ್ತಿಕೊಂಡು ಹೂವಿನ ತೊಟ್ಟು ಚಿವುಟಿ, ಒಳಗಿನ ದಾರವನ್ನು ಮೆಲ್ಲಗೆ ಹಿಂದಕ್ಕೆ ಎಳೆದಳು. ತುದಿಯಲ್ಲಿ ಒಂದು ತೊಟ್ಟು ಜೇನು. "ನಾಲಿಗೆ ಚಾಚು ಕಡ್ಡಿ." ಅಷ್ಟೇ. ಅವಳ ಮುಖ ಈಗ ಅರ್ಧಂಬರ್ಧ ನೆನಪು, ಆ ರುಚಿ ಮಾತ್ರ ಪೂರ್ತಿ ಇದೆ. ನನಗೆ ಅಮ್ಮ ಅಂತ ಉಳಿದಿರುವುದು ಆ ಬಳ್ಳಿ ಮತ್ತು ನೀನು. ಎರಡನ್ನೂ ಯಾರಿಗೂ ಬಿಟ್ಟುಕೊಡುವುದಿಲ್ಲ.

ಕಡ್ಡಿ

&nbsp;

ಏಪ್ರಿಲ್ 2

ಕಡ್ಡಿಗೆ,

ಹೂ ಬಿಟ್ಟಿದೆ. ಈ ಸಲ ಎಲೆಯೇ ಕಾಣುವುದಿಲ್ಲ. ಇವತ್ತು ಬಿಳಿ, ನಾಳಿದ್ದು ಹಳದಿ, ಒಂದೇ ಗೊಂಚಲಿನಲ್ಲಿ ಎರಡೂ. ಸಂಜೆ ಅಂಗಡಿಯೊಳಗಿನ ಸೋಪು, ಪೌಡರಿನ ವಾಸನೆಯನ್ನೆಲ್ಲ ಇದು ತಳ್ಳಿಹಾಕುತ್ತದೆ. ಪೋಸ್ಟಿನವರು ನೊರೆ ಹಚ್ಚಿದ ಮುಖದಲ್ಲೇ ಎದ್ದು ಹಿತ್ತಲಿಗೆ ಬಂದು, "ಇಲ್ಲೇ ಕೆರೆಯಯ್ಯ, ಒಳಗೆ ಫ್ಯಾನು ಯಾರಿಗೆ ಬೇಕು" ಅಂದರು. ಕುರ್ಚಿ ಹೊತ್ತು ತಂದೆ.

ನರ್ಸಮ್ಮನಿಗೆ ಜೇನು ಹೀರುವುದು ಗೊತ್ತಿರಲಿಲ್ಲ. ತೋರಿಸಿಕೊಟ್ಟೆ. ಎರಡು ಹೂವಿನ ದಾರ ಹರಿದು ಹೋಯಿತು, ಮೂರನೆಯದರಲ್ಲಿ ಸಿಕ್ಕಿತು. "ಇಷ್ಟು ವರ್ಷ ಯಾರೂ ಹೇಳಲೇ ಇಲ್ಲವಲ್ರೀ" ಅಂದರು.

ಒಂದು ಮಾತು. ಆ ಗೋಡೆ ವಾಲಿದೆ. ಅದರಲ್ಲಿ ಒಂದು ಬಾಗಿಲು ಇಡಬಹುದಾ ಎಂದು ಗಾರೆಯವನನ್ನು ಕರೆಸಿ ಕೇಳಿದೆ. "ಬಾಗಿಲು ಕೊರೆದ್ರೆ ಗೋಡೆ ನಿಮ್ಮ ಕಾಲ ಮೇಲೇ ಬೀಳುತ್ತೆ, ತೆಗೆದ್ರೆ ಪೂರ್ತಿ ತೆಗೀರಿ" ಅಂದ. ತೆಗೆದರೆ ಎರಡೂ ಹಿತ್ತಲಿಗೆ ಗಾಳಿ, ಬೆಳಕು. ಆಗ ಬಳ್ಳಿಯನ್ನು ಬೇರೆ ಕಡೆ ಇಡಬೇಕಾಗುತ್ತದೆ. ಹಾಗೆ ಮಾಡಿದರೆ ನಿನಗೆ ತುಂಬಾ ಬೇಜಾರಾಗುತ್ತದಾ? ಸುಮ್ಮನೆ ಕೇಳಿದೆ. ಇನ್ನೇನೂ ಇಲ್ಲ.

ಇನ್ನೂ ಬರೆಯುವುದಿತ್ತು. ಗಿರಾಕಿ ಬಂದರು.

ಮಾವ

&nbsp;

ಏಪ್ರಿಲ್ 10

ಮಾವನಿಗೆ,

ಸುಮ್ಮನೆ ಯಾರೂ ಇಂಥದ್ದನ್ನು ಕೇಳುವುದಿಲ್ಲ. ನಿನ್ನ ಕೈಯಲ್ಲಿ ಯಾರೋ ಇದನ್ನು ಬರೆಸಿದ್ದಾರೆ. ಬಾಗಿಲು ಯಾರಿಗೆ ಬೇಕು? ನಿನಗಂತೂ ಬೇಡ, ನಿನಗೆ ಬೀದಿಯ ಕಡೆ ಅಂಗಡಿಯ ಬಾಗಿಲಿದೆ. ಗಾಳಿ ಬೆಳಕು ಅನ್ನುವುದು ನಿನ್ನ ಮಾತಲ್ಲ. ಆಸ್ಪತ್ರೆಯವರ ಮಾತು.

ನೀನು ಎದುರು ಮಾತಾಡುವುದಿಲ್ಲ. ಅದಕ್ಕೇ ನಾನು ಮಾತಾಡಿದ್ದೇನೆ. ಕೆಲಸ ಮುಗಿದ ಮೇಲೆ ಯಂತ್ರದಣ್ಣನನ್ನು ಕಾಡಿ ಬೇಡಿ, ಉಳಿದ ಕಾಗದದ ಅಂಚುಗಳಲ್ಲಿ ಕರಪತ್ರ ಅಚ್ಚು ಹಾಕಿಸಿದೆ. ಮಡಿಸಿದ್ದು ನಾನೇ. ಕಟ್ಟನ್ನು ನಿನಗೆ ಕಳಿಸಿಲ್ಲ, ನೀನು ಪೆಟ್ಟಿಗೆಯೊಳಗಿಟ್ಟು ಕೂರುತ್ತೀಯ. ಮೂಲೆಯ ಇಸ್ತ್ರಿಯಣ್ಣನಿಗೆ ಕಳಿಸಿದ್ದೇನೆ. ಪ್ರತಿ ಬಟ್ಟೆಯ ಮಡಿಕೆಯಲ್ಲೂ ಒಂದೊಂದು ಇಟ್ಟು ಬೀದಿಗೆಲ್ಲ ಹಂಚುತ್ತಾನೆ. ನಿನಗೊಂದು ಪ್ರತಿ ಇದರ ಜೊತೆ ಇದೆ. ಓದಿ ಎದೆ ಎತ್ತಿ ನಡೆ.

"ಬೀದಿಯ ಬಂಧುಗಳೇ! ಕ್ಷೌರದಂಗಡಿಯ ಹಿತ್ತಲಿನ ಜೇನುಬಳ್ಳಿ ಒಬ್ಬರ ಸ್ವತ್ತಲ್ಲ. ಅದು ನಿಮ್ಮ ಕೂದಲು ತಿಂದು ಬೆಳೆದದ್ದು. ನಿಮ್ಮ ಮಕ್ಕಳು ಅತ್ತು ಕರೆದು ಮಾಡಿಸಿಕೊಂಡ ಮೊದಲ ಕಟಿಂಗು, ನೀವು ಕೆಲಸ ಕೇಳಲು ಹೋಗುವ ಮುನ್ನ ಕೆರೆಸಿದ ಗಡ್ಡ, ಎಲ್ಲವೂ ಅದರ ಬುಡದಲ್ಲಿವೆ. ಅದರ ಒಂದೊಂದು ಹೂವಿನಲ್ಲೂ ನಿಮ್ಮ ಪಾಲಿದೆ! ಈಗ ಪಕ್ಕದ ಮನೆಗೆ ಬಂದವರೊಬ್ಬರು ಗೋಡೆಯನ್ನೂ ಬಳ್ಳಿಯನ್ನೂ ಕಿತ್ತೊಗೆಯಲು ಹೊಂಚು ಹಾಕಿದ್ದಾರೆ. ಒಬ್ಬ ಒಂಟಿ ಮನುಷ್ಯನ ಸಂಕೋಚವನ್ನು ಒಪ್ಪಿಗೆ ಎಂದು ತಿಳಿದಿದ್ದಾರೆ. ಅವರ ಆಸೆ ಈಡೇರಲು ಬಿಡಬೇಡಿ!"

ಹೇಗಿದೆ?

ಕಡ್ಡಿ

&nbsp;

ಮೇ 28

ಕಡ್ಡಿಗೆ,

ಬರೆಯುವುದು ತಡವಾಯಿತು. ಕೆಲಸ ಇತ್ತು.

ನಿನ್ನ ಕರಪತ್ರ ಎಲ್ಲರಿಗೂ ತಲುಪಿತು. ಇಸ್ತ್ರಿಯವನು ಹಂಚಿದ್ದೂ ಅಲ್ಲದೆ ಅಂಗಡಿಯ ಬೆಂಚಿನ ಮೇಲೆ ನಿಂತು ಗಟ್ಟಿಯಾಗಿ ಓದಿದ. ಎಲ್ಲರೂ ನಕ್ಕರು. "ನನ್ನ ಬೋಳುತಲೆಗೆ ಎಷ್ಟು ಹೂವು ಬರುತ್ತಪ್ಪಾ ಲೆಕ್ಕದಲ್ಲಿ?" ಎಂದು ಪೋಸ್ಟಿನವರು ಕೇಳಿದರು. ನಾನೂ ನಕ್ಕೆ. ಕೈಯಲ್ಲಿ ಕತ್ತಿ ಇತ್ತು, ಕೆಳಗಿಟ್ಟೆ.

ನರ್ಸಮ್ಮನಿಗೂ ಒಂದು ಸಿಕ್ಕಿತು. ಅವರ ಬಿಳಿ ಸೀರೆಯ ಮಡಿಕೆಯಲ್ಲೇ ಇಟ್ಟಿದ್ದನಂತೆ.

ಗೋಡೆ ತೆಗೆಯುವುದಿಲ್ಲ. ಗಾರೆಯವನಿಗೆ ಬೇಡ ಎಂದು ಹೇಳಿದೆ. ವಾಲಿದ ಕಡೆಗೆ ಎರಡು ಕಂಬದ ಆಸರೆ ಕೊಟ್ಟಿದ್ದೇನೆ. ಬಳ್ಳಿ ಇದ್ದಲ್ಲೇ ಇದೆ. ಹೂವು ಮುಗಿದ ಮೇಲೆ, ನೀನು ಹೇಳಿದ ಹಾಗೆ, ಒಣಗಿದ್ದನ್ನೂ ಒಳಗೆ ಸಿಕ್ಕಾಗಿದ್ದನ್ನೂ ಕತ್ತರಿಸಿದೆ. ಕೂದಲು ಹೂತೆ. ನೀನು ಚಿಂತೆ ಮಾಡಬೇಡ.

ಮಾವ

&nbsp;

ಜೂನ್ 6

ಮಾವಾ!

ಗೆದ್ದೆವು! ಕೆಳಗಿನ ನೆಲಮಾಳಿಗೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಒಂದು ಮಡಿಸಿದ ಹಾಳೆಗೆ ಇಷ್ಟು ಶಕ್ತಿ ಇದೆ ಎಂದು ನನ್ನ ಜೊತೆಯವರಿಗೆ ಈಗ ನಂಬಿಕೆ ಬಂದಿದೆ. ಯಂತ್ರದಣ್ಣ ನನ್ನನ್ನು ಮುಖಂಡರೇ ಅನ್ನುತ್ತಾನೆ, ತಮಾಷೆಗೆ, ಆದರೂ ಅನ್ನುತ್ತಾನೆ.

ನಿನ್ನ ಕಾಗದ ಮಾತ್ರ ಯಾಕೋ ಒಣಗಿದ ಹಾಗಿತ್ತು. ಮೈ ಹುಷಾರಿಲ್ಲವಾ? ಬರೆ.

ಕಡ್ಡಿ

&nbsp;

ಜುಲೈ 19

ಮಾವನಿಗೆ,

ಉತ್ತರವಿಲ್ಲ. ನನ್ನ ಮೇಲೆ ಏನಾದರೂ ಕೋಪವಾ? ಇಲ್ಲಿ ಮಳೆ. ಹಾಸ್ಟೆಲಿನ ಅಂಗಳದಲ್ಲಿ ಒಂದು ತಂತಿ ಬೇಲಿ ಇದೆ, ಅದರ ಮೇಲೆ ಏನೂ ಹಬ್ಬಿಲ್ಲ. ಸಂಜೆ ಹೊತ್ತು ಅಲ್ಲಿ ನಿಂತರೆ ನೀನು ಅಂಗಡಿಯ ದೀಪ ಆರಿಸಿ, ಕುರ್ಚಿಯನ್ನು ಹಿತ್ತಲಿಗೆ ಎಳೆದು, ಬಳ್ಳಿಗೆ ಮುಖ ಮಾಡಿ ಕೂತಿರುವುದು ಕಾಣುತ್ತದೆ. ಚಿಕ್ಕವಳಿದ್ದಾಗ ನಿನ್ನ ಕಾಲಿಗೆ ಒರಗಿ ಕೂರುತ್ತಿದ್ದೆ, ನೀನು ನನ್ನ ಕೂದಲಲ್ಲಿ ಸುಮ್ಮನೆ ಬಾಚಣಿಗೆ ಆಡಿಸುತ್ತಿದ್ದೆ. ಅಷ್ಟು ಒಳ್ಳೆಯ ಸಂಜೆ ನನಗೆ ಆಮೇಲೆ ಸಿಕ್ಕಿಲ್ಲ. ಎರಡು ಸಾಲಾದರೂ ಬರೆ.

ಕಡ್ಡಿ

&nbsp;

ಆಗಸ್ಟ್ 3

ಕಡ್ಡಿಗೆ,

ಕೋಪ ಇಲ್ಲ. ಹೇಳಬೇಕಾದ್ದನ್ನು ಹೇಳದೆ ಬೇರೆ ಏನು ಬರೆದರೂ ಸುಳ್ಳಾಗುತ್ತಿತ್ತು, ಅದಕ್ಕೆ ಬರೆಯಲಿಲ್ಲ. ಇವತ್ತು ಒಂದು ವಿಷಯ ನಡೆಯಿತು, ಅದರಿಂದ ಧೈರ್ಯ ಬಂತು. ಧೈರ್ಯ ಹೋಗುವ ಮುಂಚೆ ಬರೆದುಬಿಡುತ್ತೇನೆ.

ಬಳ್ಳಿಯ ಒಂದು ಕುಡಿ ಗೋಡೆ ಹತ್ತಿ ಆ ಕಡೆ ಇಳಿದು, ನೆಲ ಮುಟ್ಟಿದ ಕಡೆ ಬೇರು ಬಿಟ್ಟಿದೆ. ಮಳೆಯಲ್ಲಿ ಯಾರೂ ನೋಡಿಲ್ಲ. ನಾನು ಏಣಿ ಇಟ್ಟು ಅದನ್ನು ಕತ್ತರಿಸಲು ಹೋದೆ. ನರ್ಸಮ್ಮ ಒಳಗಿನಿಂದ ಬಂದರು. ಏಪ್ರಿಲ್‌ನಿಂದ ನಮ್ಮಿಬ್ಬರ ನಡುವೆ ಮಾತಿರಲಿಲ್ಲ.

"ನಿಮ್ಮ ಕಡೆ ಬಂದುಬಿಟ್ಟಿದೆ, ಕತ್ತರಿಸ್ತೀನಿ" ಅಂದೆ.

"ಬಿಡಿ, ಪಾಪ" ಅಂದರು. "ಅದಕ್ಕೆ ಕರಪತ್ರ ಓದೋಕೆ ಬರಲ್ಲವಲ್ಲ."

ನಗುತ್ತಲೇ ಅಂದರು. ನಕ್ಕವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಏಣಿಯ ಮೇಲೆ ಎಷ್ಟು ಹೊತ್ತು ನಿಂತಿದ್ದೆನೋ. ಕೆಳಗಿನಿಂದ ಇಸ್ತ್ರಿಯವನು, "ಏನಣ್ಣ, ಬಳ್ಳಿ ಜೊತೆ ನೀನೂ ಹಬ್ಬಿಬಿಟ್ಟೆಯಾ?" ಅಂದಾಗ ಇಳಿದೆ.

ಕಡ್ಡಿ, ಗೋಡೆ ತೆಗೆಯುವ ಯೋಚನೆ ಅವರದ್ದಲ್ಲ. ನನ್ನದು. ಬಾಗಿಲು ಬೇಕಾಗಿದ್ದೂ ನನಗೇ. ನಾನು ಅವರನ್ನು ಮದುವೆಯಾಗಬೇಕೆಂದಿದ್ದೆ. ಅವರು ಒಪ್ಪಿದ್ದರು. ಅವರ ಪಾಳಿ ಕೆಲಸ, ನನ್ನ ಅಂಗಡಿ. ಎರಡು ಮನೆ ಒಂದಾದರೆ ಬೀದಿ ಸುತ್ತಿಕೊಂಡು ಓಡಾಡುವುದು ತಪ್ಪುತ್ತದೆ ಎಂದು ಲೆಕ್ಕ ಹಾಕಿದ್ದೆವು. ಮೊದಲು ನಿನಗೆ ಹೇಳಿ ಅಂದವರು ಅವರೇ. ನಾನು ಪ್ರತಿ ಕಾಗದದಲ್ಲೂ ಅಲ್ಲಿಯವರೆಗೆ ಬಂದು ಹೇನಿನ ಸುದ್ದಿ, ಗಾರೆಯವನ ಸುದ್ದಿ ಬರೆದು ನಿಲ್ಲಿಸಿದೆ. ತಲೆ ನರೆತ ಮೇಲೆ ಇದೆಲ್ಲ ಹೇಳುವುದಕ್ಕೆ ನಾಚಿಕೆ. ಅಕ್ಕ ನಿನ್ನನ್ನು ನನ್ನ ಕೈಗೆ ಕೊಟ್ಟು ಹೋದಳು. ಅವಳು ನೆಟ್ಟದ್ದನ್ನು ನಾನು ಕೀಳುತ್ತೇನೆ ಎಂದು ನಿನಗೆ ಹೇಗೆ ಬರೆಯಲಿ?

ಕರಪತ್ರ ಓದಿದ ಮೇಲೆ ಅವರು ನನ್ನನ್ನು ಒಂದೇ ಮಾತು ಕೇಳಿದರು: "ನೀವು ಅವಳಿಗೆ ಹೇಳೇ ಇಲ್ಲವಾ?" ಅವರು ಬೇರೆ ಊರಿನ ಆಸ್ಪತ್ರೆಗೆ ವರ್ಗ ಕೇಳಿ ಅರ್ಜಿ ಹಾಕಿದ್ದಾರೆ. ತಿಂಗಳ ಕೊನೆಗೆ ಆದೇಶ ಬರುತ್ತದೆ. ನಿನ್ನ ಮೇಲೆ ಅವರಿಗೆ ಸಿಟ್ಟಿಲ್ಲ. "ಹುಡುಗಿ ಚೆನ್ನಾಗಿ ಬರೀತಾಳೆ, ಕಡ್ಡಿ ಮುರಿದ ಹಾಗೆ" ಎಂದು ಇಸ್ತ್ರಿಯವನ ಹತ್ತಿರ ಅಂದರಂತೆ. ಅವರಿಗೆ ಬೇಜಾರಾಗಿರುವುದು ನನ್ನ ಮೇಲೆ.

ನಾನು ನಿನ್ನ ಒಪ್ಪಿಗೆ ಕೇಳುತ್ತಿಲ್ಲ. ಅಲ್ಲ, ಕೇಳುತ್ತಿದ್ದೇನೆ. ನಿನಗೆ ಬೇಡವಾದರೆ ಬಿಡು, ಬಳ್ಳಿ ನೋಡಿಕೊಂಡು ಇರುತ್ತೇನೆ. ಅದನ್ನು ಯಾವತ್ತೂ ಎತ್ತಿ ಆಡುವುದಿಲ್ಲ. ಆದರೆ ಅವರು ಹೋದರೆ ನನಗೆ ಕಷ್ಟವಾಗುತ್ತದೆ. ಅದು ನಿನಗೆ ಗೊತ್ತಿರಲಿ ಅಂತ ಬರೆದೆ.

ಮಾವ

&nbsp;

ಆಗಸ್ಟ್ 14

ಮಾವ,

ಎರಡು ದಿನ ನಿನ್ನ ಮೇಲೆ ಸಿಟ್ಟು ಮಾಡಿಕೊಂಡಿದ್ದೆ. ಹೇಳಿದ್ದರೆ ಏನಾಗುತ್ತಿತ್ತು? ಆಮೇಲೆ ಯೋಚಿಸಿದೆ. ಹೇಳಿದ್ದರೆ ನಾನು ಅತ್ತು, ರಂಪ ಮಾಡಿ, ಇನ್ನೂ ದೊಡ್ಡ ಅಕ್ಷರದಲ್ಲಿ ಕರಪತ್ರ ಹಾಕಿಸುತ್ತಿದ್ದೆ. ನಿನಗೆ ನಾನು ಚೆನ್ನಾಗಿ ಗೊತ್ತು.

ನಾನಿಲ್ಲಿ ದಿನಾ ಬದಲಾಗುತ್ತಿದ್ದೇನೆ. ಹೊಸ ಮಾತು ಕಲಿತಿದ್ದೇನೆ, ಹೊಸ ಸ್ನೇಹಿತರಿದ್ದಾರೆ, ಜಗತ್ತೇ ಬದಲಾಗಲಿ ಎಂದು ಕೂಗುತ್ತೇನೆ. ನೀನು ಮಾತ್ರ ಅದೇ ಕುರ್ಚಿಯಲ್ಲಿ, ಅದೇ ಬಳ್ಳಿಯ ಕೆಳಗೆ, ಕತ್ತಿಗೆ ಕೊರಳು ಕೊಟ್ಟ ಗಿರಾಕಿಯ ಹಾಗೆ ಅಲ್ಲಾಡದೆ ಕೂತಿರಬೇಕಿತ್ತು. ನನಗೆ ಬೇಕಾದಾಗ ಕಣ್ಣು ಮುಚ್ಚಿ ನೋಡಿಕೊಳ್ಳುವುದಕ್ಕೆ. ನಿನಗೂ ಸಂಜೆಗಳಿವೆ, ಆ ಸಂಜೆಯಲ್ಲಿ ನನ್ನ ಜಾಗ ಖಾಲಿಯಾಗಿ ಎಷ್ಟೋ ಕಾಲವಾಯಿತು ಎಂದು ನನಗೆ ಹೊಳೆಯಲೇ ಇಲ್ಲ. ಗೋಡೆ ಒಡೆಯಿರಿ ಎಂದು ಬರೆದ ಹಾಳೆಗಳನ್ನು ಇಲ್ಲಿ ರಾಶಿ ರಾಶಿ ಮಡಿಸಿದ್ದೇನೆ. ಒಡೆಯಬೇಕಾದ ಗೋಡೆ ಕಣ್ಣೆದುರಿಗೆ ಬಂದಾಗ ಅದಕ್ಕೆ ಅಡ್ಡ ನಿಂತವಳು ನಾನೇ.

ಬೇಜಾರಾಗುತ್ತದಾ ಎಂದು ಕೇಳಿದ್ದೆಯಲ್ಲ. ಆಗುತ್ತದೆ. ಸುಳ್ಳು ಹೇಳುವುದಿಲ್ಲ. ಆ ಗೋಡೆಯನ್ನು ನೆನೆಸಿಕೊಂಡರೆ ಅಮ್ಮನ ಒದ್ದೆ ಕೈಯೇ ಕಾಣುತ್ತದೆ. ಆಗಲಿ. ಬೇಜಾರು ನನ್ನದು, ನಾನು ನೋಡಿಕೊಳ್ಳುತ್ತೇನೆ.

ಇದನ್ನು ಓದಿದ ಕೂಡಲೇ ಬೀದಿ ಸುತ್ತಿ ಅವರ ಮನೆಗೆ ಹೋಗು. ಬಕೆಟ್ಟು, ಏಣಿ ಬೇಡ, ಮುಂಬಾಗಿಲಿಗೇ ಹೋಗು. ವರ್ಗದ ಅರ್ಜಿ ವಾಪಸ್ಸು ತೆಗೆದುಕೊಳ್ಳಿ ಎಂದು ಬಾಯಿ ಬಿಟ್ಟು ಕೇಳು. ಹೂಂ ಅನ್ನುವುದು ಮಾತ್ರ ಸಾಲದು, ಕೇಳಬೇಕು. ಈ ಕಾಗದವನ್ನೂ ಅವರ ಕೈಗೆ ಕೊಡು. ಇಸ್ತ್ರಿಯಣ್ಣನಿಗೆ ಎರಡನೆಯ ಕರಪತ್ರ ಕಳಿಸುವುದಿಲ್ಲ, ಇದಕ್ಕೆ ಅವನ ಬಾಯಿಯೇ ಸಾಕು.

ಬಳ್ಳಿಯನ್ನು ಈಗಲೇ ಮುಟ್ಟಬೇಡಿ. ಚಳಿ ಬರಲಿ. ಆಗ ಅದು ಚಿಗುರುವುದನ್ನು ನಿಲ್ಲಿಸಿರುತ್ತದೆ, ಕಿತ್ತರೆ ಅಷ್ಟು ನೋವಿಲ್ಲ. ಮೊಣಕಾಲೆತ್ತರ ಬಿಟ್ಟು ಮೇಲಿನದ್ದೆಲ್ಲ ಕತ್ತರಿಸಬೇಕು. ಬುಡದ ಸುತ್ತ ಅಗಲವಾಗಿ ಅಗೆದು ಮಣ್ಣು ಸಮೇತ ಎತ್ತಬೇಕು. ಆಮೇಲೆ ಒಂದು ವರ್ಷ ಹೂ ಬಿಡದಿದ್ದರೂ ಬೈಯಬಾರದು. ಆ ಕೆಲಸಕ್ಕೆ ನಾನು ರಜೆ ಹಾಕಿ ಬರುತ್ತೇನೆ. ಕತ್ತರಿ ಹಾಕುವವಳು ನಾನೇ. ನೀನಾಗಲಿ, ಗಾರೆಯವನಾಗಲಿ ಅಮ್ಮನ ಬಳ್ಳಿಗೆ ಕೈ ಹಚ್ಚಕೂಡದು.

ಬುಡ ನೆರಳಲ್ಲಿದ್ದು ತಲೆ ಬಿಸಿಲಲ್ಲಿರುವ ಜಾಗ ಗೋಡೆಯಾಚೆಯ ಅವರ ಹಿತ್ತಲಲ್ಲಿ ಎಲ್ಲಿದೆಯೋ ನನಗೆ ಗೊತ್ತಿಲ್ಲ, ನಾನು ನೋಡಿಲ್ಲ. ಗುಂಡಿ ಎಲ್ಲಿ ತೋಡಬೇಕೆಂದು ಅತ್ತೆ ಹೇಳಲಿ.

ಕಡ್ಡಿ